ಸುಟ್ಟ ಕಾಡಿಗೆ ಮೊದಲು ಬೇಕಿರುವುದು ಸಸಿಯಲ್ಲ

2023ರ ಮಾರ್ಚ್ ಮೊದಲ ವಾರ ಗೋವಾದ ಸತ್ತರಿ ತಾಲೂಕಿನ ಮಹದಾಯಿ ಅಭಯಾರಣ್ಯಕ್ಕೆ ಕಾಡ್ಗಿಚ್ಚು ಹತ್ತಿತು. ನೌಕಾಪಡೆ, ವಾಯುಪಡೆಗಳ ಹೆಲಿಕಾಪ್ಟರುಗಳು ಬಂದು ನೀರು ಸುರಿಯಬೇಕಾಯಿತು. ಅದಕ್ಕೆ ಮುಂಚಿನ ಫೆಬ್ರುವರಿ, ಸರಾಸರಿ ಗರಿಷ್ಠ ತಾಪಮಾನದ ಲೆಕ್ಕದಲ್ಲಿ 1901ರಿಂದ ಅಲ್ಲಿಯವರೆಗೆ ದೇಶ ಕಂಡ ಅತಿ ಬಿಸಿಯ ಫೆಬ್ರುವರಿ. ಚೋರ್ಲಾ ಘಾಟಿ ಹಿಡಿದು ಬೆಳಗಾವಿಗೆ ಹೋಗಿಬರುವ ವಾಸ್ಕೊ, ಮಾಪುಸಾದ ಕನ್ನಡಿಗರಿಗೆ ಇದು ದಾರಿಯಲ್ಲಿ ಸಿಗುವ ಕಾಡು. ಆಚೆ ಖಾನಾಪುರದ ಭೀಮಗಡ ಅಭಯಾರಣ್ಯಕ್ಕೆ ಬೆಸೆದುಕೊಂಡದ್ದು. ಇಂಥ ಬೆಂಕಿ ಆರಿದೊಡನೆ ನಮ್ಮ ಸಂಘಗಳಲ್ಲಿ ಏಳುವ ಮಾತು ಒಂದೇ: ಮಳೆಗಾಲಕ್ಕೆ ಸಸಿ ನೆಡೋಣ.

ಉಮೇದು ಸರಿ, ಸರದಿ ತಪ್ಪು.

ಇಲ್ಲಿನ ಬೆಂಕಿ ಹೆಚ್ಚಾಗಿ ತರಗೆಲೆ, ಒಣಹುಲ್ಲು ಹಿಡಿದು ನೆಲದಲ್ಲೇ ಹರಿಯುತ್ತದೆ. ಮತ್ತಿ ಮರಕ್ಕೆ ದಪ್ಪ ತೊಗಟೆ, ತಾಳಿಕೊಳ್ಳುತ್ತದೆ. ಎಷ್ಟೋ ಮರಗಳು ಮೇಲೆ ಸತ್ತಂತೆ ಕಂಡರೂ ಬುಡದಿಂದ ಚಿಗುರುತ್ತವೆ. ಪೆಟ್ಟು ಬೀಳುವುದು ಹಳ್ಳದ ಇಕ್ಕೆಲದ ನಿತ್ಯಹರಿದ್ವರ್ಣ ಮರಗಳಿಗೆ. ತೆಳು ತೊಗಟೆಯ ಅಡಿಯ ಜೀವಪದರ ಸುಮಾರು 60 ಡಿಗ್ರಿ ಸೆಲ್ಸಿಯಸ್ ಕಾದರೆ ಸಾಯುತ್ತದೆ. ಮರ ಮಾತ್ರ ತಿಂಗಳುಗಟ್ಟಲೆ ಹಸಿರಾಗಿಯೇ ನಿಂತಿದ್ದು ಆಮೇಲೆ ಉರುಳಬಹುದು. ಅವುಗಳಲ್ಲಿ ಬಹುಪಾಲಿನ ಬೀಜ, ಕಣಜದ ರಾಗಿಯಂತೆ ಕಾದು ಕೂರುವಂಥದ್ದಲ್ಲ. ಬಿದ್ದ ಕೆಲವೇ ವಾರಗಳಲ್ಲಿ ಮೊಳೆಯಬೇಕು, ಒಣಗಿದರೆ ಮುಗಿಯಿತು. ಹಾಗಾಗಿ ಸುಟ್ಟ ಜಾಗಕ್ಕೆ ಬೀಜ ಹೊರಗಿನಿಂದಲೇ ಬರಬೇಕು.

ತರುವವರಲ್ಲಿ ಮುಖ್ಯ ಮಂಗಟ್ಟೆ ಹಕ್ಕಿ. ದೊಡ್ಡ ಬೀಜದ ಹಣ್ಣು ನುಂಗಿ, ದೂರ ಹಾರಿ, ಬೀಜವನ್ನು ಕಕ್ಕುತ್ತದೆ. ಆದರೆ ಮಾರ್ಚ್ ಎಂದರೆ ಅದರ ಬಾಣಂತನದ ಕಾಲ. ಹೆಣ್ಣು ಮರದ ಪೊಟರೆಯೊಳಗೆ ಸೇರಿ ಅದರ ಬಾಯಿಯನ್ನು ಒಳಗಿನಿಂದ ಮುಚ್ಚಿಕೊಂಡು ಕೂತಿರುತ್ತದೆ, ಸಣ್ಣ ಸಂದಿಯಲ್ಲಿ ಗಂಡು ತುತ್ತು ಕೊಡುತ್ತದೆ. ಪೊಟರೆಗೆ ಬೆಂಕಿ ತಾಗದಿದ್ದರೂ ಗಂಡು ದೂರವಾದರೆ ಗೂಡಿಗೆ ಉಪವಾಸ. ಆದ್ದರಿಂದ ಪೊಟರೆಯಿರುವ ಹಳೆಯ ಮರ ಅರೆಸುಟ್ಟಿದ್ದರೂ, ಸತ್ತೇಹೋಗಿದ್ದರೂ, ಕಡಿಯಬಾರದು. "ಸ್ವಚ್ಛ" ಮಾಡುವ ಹುರುಪಿನಲ್ಲಿ ಮೊದಲು ಹೋಗುವುದು ಅದೇ ಮರ!

ಇನ್ನು ಕಮ್ಯುನಿಸ್ಟ್ ಕಳೆ ಎಂದು ಕರೆಸಿಕೊಳ್ಳುವ ಯುಪಟೋರಿಯಂ. ಮೇಲಿನ ಚಪ್ಪರ ತೆರೆದು ಬಿಸಿಲು ಬಿದ್ದೊಡನೆ, ಗಾಳಿಯಲ್ಲಿ ತೇಲಿಬಂದ ಬೀಜದಿಂದ ಪೊದೆಗಟ್ಟುತ್ತದೆ. ಬೇಸಿಗೆಗೆ ಒಣಗಿ ಮುಂದಿನ ಬೆಂಕಿಗೆ ಸೌದೆಯಾಗುತ್ತದೆ. ಎರಡನೆಯ ಬೆಂಕಿಯೇ ಹೆಚ್ಚು ಕ್ರೂರ. ಬಿದ್ದ ಕೊಂಬೆಗಳೂ ಸೇರಿ ಉರಿ ಏರುತ್ತದೆ, ಬುಡದ ಎಳೆಚಿಗುರು ಉಳಿಯುವುದಿಲ್ಲ. ಮಳೆ ನಿಂತ ಮೇಲೆ, ಹೂ ಬಿಡುವ ಮೊದಲೇ ಈ ಕಳೆಯನ್ನು ಬುಡಸಮೇತ ಕೀಳುವುದು ನೂರು ಗುಂಡಿ ತೋಡುವುದಕ್ಕಿಂತ ದೊಡ್ಡ ಸೇವೆ.

ಕೈಗಳಿಗೆ ಕೆಲಸ ಬೇಕೆಂದರೆ ಇಳಿಜಾರುಗಳಿವೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಬೋಳು ನೆಲದ ಬೂದಿ, ಮಣ್ಣು ಎಲ್ಲ ಹಳ್ಳಕ್ಕೆ. ಬಿದ್ದ ಸುಟ್ಟ ದಿಮ್ಮಿಗಳನ್ನು ಇಳಿಜಾರಿಗೆ ಅಡ್ಡಲಾಗಿ ಮಲಗಿಸಿದರೆ ಮಣ್ಣು ನಿಲ್ಲುತ್ತದೆ, ಅವುಗಳ ಅಡಿಯ ತೇವದಲ್ಲಿ ಕಪ್ಪೆಗಳಿಗೂ ಜಾಗವಾಗುತ್ತದೆ. ಸಸಿ ನೆಡಲೇಬೇಕಾದದ್ದು ಹತ್ತಿರದಲ್ಲಿ ತಾಯಿಮರವೇ ಉಳಿಯದ ಕಡೆ ಮಾತ್ರ. ಅಲ್ಲೂ ಅದೇ ಕಾಡಿನ ಬೀಜದ ಮುರುಗಲು, ರಾಮಪತ್ರೆ, ನೇರಳೆ. ದಯವಿಟ್ಟು ಅಕೇಶಿಯಾ ಬೇಡ.

ಪಶ್ಚಿಮ ಘಟ್ಟದ ತೇವದ ಕಾಡಿಗೆ ಬೆಂಕಿ ತಾನಾಗಿ ಬೀಳುವುದು ಅಪರೂಪ. ಕಾಡಂಚಿನ ಗೇರುತೋಟದಲ್ಲಿ ಬೀಜ ಹೆಕ್ಕಲು ಅನುಕೂಲವಾಗಲೆಂದು ಹುಲ್ಲು ಸುಡುವ ರೂಢಿಯಿದೆ. ಗಾಳಿ ತಿರುಗಿದರೆ ಕಿಡಿ ಕಾಡಿಗೆ. ಸುಡುವ ಬದಲು ಕತ್ತಿಯಲ್ಲಿ ಸವರಿಸಲು ಕೂಲಿ ಬೇಕು, ಆ ಕೂಲಿ ಸಣ್ಣ ತೋಟದವರಿಗೆ ಭಾರ. ಸಸಿಗೆಂದು ಎತ್ತಿಟ್ಟ ಹಣದ ಅರ್ಧಪಾಲು ಜನವರಿಯಲ್ಲೇ ಆ ಕೂಲಿಗೆ ಹೋದರೆ ನನ್ನ ತಕರಾರಿಲ್ಲ.