ಕಿವಿಗೆ ಕಾಣದ ಬಲೆ

ಹೊನ್ನಾವರದಿಂದ ಕಾರವಾರದ ತನಕ ಯಾವ ಮರಳದಂಡೆಗಾದರೂ ಸತ್ತ ಡಾಲ್ಫಿನ್ ಬಂದು ಬಿದ್ದರೆ ಸಾಕು, ಸಂಜೆಯೊಳಗೆ ಮೊಬೈಲಿನಲ್ಲಿ ಎರಡು ತೀರ್ಪು ಹೊರಬೀಳುತ್ತವೆ. ಒಂದು, ಸುನಾಮಿ ಬರಲಿದೆ. ಇನ್ನೊಂದು, ಪ್ಲಾಸ್ಟಿಕ್ ತಿಂದು ಸತ್ತಿದೆ. ಮೊದಲನೆಯದಕ್ಕೆ ಉತ್ತರ ಕೊಡುವುದೇ ದಂಡ. ಎರಡನೆಯದು ಕೆಲವೊಮ್ಮೆ ನಿಜ. ಆದರೆ ಜಗತ್ತಿನ ಕಡಲುಗಳಲ್ಲಿ ಡಾಲ್ಫಿನ್ ಮತ್ತು ಅದರ ನೆಂಟರಾದ ಕಡಲಹಂದಿಗಳನ್ನು (ಪೋರ್ಪಾಯಿಸ್) ಅತಿ ಹೆಚ್ಚು ಕೊಲ್ಲುತ್ತಿರುವುದು ಮೀನಿಗೆಂದು ಹಾಕಿದ ಬಲೆ. ಅದರಲ್ಲೂ ಗಿಲ್‌ನೆಟ್, ಅಂದರೆ ನೀರಿನೊಳಗೆ ಗೋಡೆಯಂತೆ ಇಳಿಬಿಡುವ ನೈಲಾನ್ ಬಲೆ.

ನನ್ನ ಕುತೂಹಲ ಕೆರಳುವುದು ಇಲ್ಲಿ. ಹವಾಯಿಯ ಕೊಲ್ಲಿಯೊಂದರಲ್ಲಿ ನಡೆದ ಪ್ರಯೋಗದಲ್ಲಿ ಡಾಲ್ಫಿನ್ ಒಂದು, ಕಿತ್ತಳೆ ಗಾತ್ರದ ಲೋಹದ ಗೋಲವನ್ನು 113 ಮೀಟರ್ ದೂರದಿಂದ ಬರೀ ಪ್ರತಿಧ್ವನಿಯಿಂದಲೇ ಪತ್ತೆಹಚ್ಚಿತ್ತು. ಅಂಥ ಕಿವಿಯುಳ್ಳದ್ದು ಮೂತಿಯೆದುರಿನ ಬಲೆಗೆ ಸಿಕ್ಕಿಬೀಳುವುದೇಕೆ?

ಪ್ರತಿಧ್ವನಿ ಹುಟ್ಟುವುದು ಎರಡು ವಸ್ತುಗಳು ಕೂಡುವ ಗಡಿಯಲ್ಲಿ. ಸದ್ದಿನ ಮಟ್ಟಿಗೆ ಅವು ಒಂದಕ್ಕೊಂದು ಎಷ್ಟು ಬೇರೆಯೋ ಮರಳುವ ಸದ್ದು ಅಷ್ಟು ಜೋರು. ನೀರಿಗೂ ಗಾಳಿಗೂ ಅಜಗಜಾಂತರ. ಹಾಗಾಗಿ ಹೊಟ್ಟೆಯೊಳಗೆ ಗಾಳಿ ತುಂಬಿದ ಈಜುಚೀಲವಿರುವ ಮೀನು ಡಾಲ್ಫಿನ್ನಿನ ಕಿವಿಗೆ ಕಗ್ಗತ್ತಲಲ್ಲಿ ಹಚ್ಚಿಟ್ಟ ಪೆಟ್ರೋಮ್ಯಾಕ್ಸ್. ತೆಳು ನೈಲಾನ್ ಎಳೆಯೋ, ಸದ್ದಿನ ಪಾಲಿಗೆ ನೀರಿನ ಹತ್ತಿರದ ನೆಂಟ. ತೋಟದಲ್ಲಿ ನಸುಕಿಗೆ ನಡೆವಾಗ ಜೇಡರಬಲೆ ಮುಖಕ್ಕೆ ಅಂಟಿದ ಮೇಲೆ ತಾನೇ ಗೊತ್ತಾಗುವುದು? ಅಥವಾ ಚೆನ್ನಾಗಿ ಒರೆಸಿದ ಗಾಜಿನ ಬಾಗಿಲು, ಆಚೆಗೆ ತಟ್ಟೆ ತುಂಬ ಮೈಸೂರುಪಾಕು ಎಂದುಕೊಳ್ಳಿ. ಬಲೆಗೆ ಸಿಕ್ಕ ಮೀನು ಹೊಳೆಯುತ್ತದೆ, ಬಲೆ ಹೊಳೆಯುವುದಿಲ್ಲ. ಸಾಲದ್ದಕ್ಕೆ ಡಾಲ್ಫಿನ್ ಪ್ರತಿಧ್ವನಿಗಾಗಿ ಎಲ್ಲ ಹೊತ್ತೂ ಕ್ಲಿಕ್ ಸದ್ದು ಹೊರಡಿಸುತ್ತಿರುವುದಿಲ್ಲ. ಗುರುತಿನ ದಾರಿಯಲ್ಲಿ ನಾವು ಟಾರ್ಚ್ ಆರಿಸಿ ನಡೆಯುವುದಿಲ್ಲವೇ, ಹಾಗೆ. ಸಿಕ್ಕಿಕೊಂಡರೆ ಉಸಿರಿಗೆ ಮೇಲೆ ಬರಲಾಗದು. ದಡಕ್ಕೆ ಬಂದ ದೇಹದ ರೆಕ್ಕೆಯಂಚಿನಲ್ಲಿ ಸಣ್ಣ ಗೀರುಗಳಷ್ಟೇ ಉಳಿದಿರಬಹುದು. ಸೆಲ್ಫಿಯಲ್ಲಿ ಅವು ಕಾಣುವುದಿಲ್ಲ.

ಮೆಕ್ಸಿಕೊದ ವಕೀಟಾ ಕಥೆ ಕೇಳಿ. ಕ್ಯಾಲಿಫೋರ್ನಿಯಾ ಕೊಲ್ಲಿಯ ಉತ್ತರ ತುದಿ ಬಿಟ್ಟರೆ ಬೇರೆಲ್ಲೂ ಇಲ್ಲದ ಈ ಪುಟ್ಟ ಕಡಲಹಂದಿಗೆ ವಿಜ್ಞಾನ ಹೆಸರಿಟ್ಟದ್ದೇ 1958ರಲ್ಲಿ. 1997ರ ಸಮೀಕ್ಷೆಯ ಅಂದಾಜು ಸುಮಾರು 570. ಈಗ ಉಳಿದಿರುವುದು ಹತ್ತರ ಆಸುಪಾಸು. ಇದನ್ನು ಬೇಕೆಂದು ಬೇಟೆಯಾಡಿದವರಿಲ್ಲ. ಅದೇ ನೀರಿನ ಟೊಟೊವಾಬಾ ಎಂಬ ಮೀನಿನ ಒಣಗಿಸಿದ ಈಜುಚೀಲಕ್ಕೆ ಚೀನಾದಲ್ಲಿ ಭಾರೀ ಬೆಲೆ. ಅದು ಔಷಧಿಯೆಂಬ ನಂಬಿಕೆ. ಆ ಮೀನೂ ಹೆಚ್ಚುಕಡಿಮೆ ವಕೀಟಾದಷ್ಟೇ ದೊಡ್ಡದು, ಒಂದೇ ಅಳತೆಯ ಕಣ್ಣುಗಳ ಬಲೆಗೆ ಎರಡೂ ಬೀಳುತ್ತವೆ. ಡಾಲ್ಫಿನ್ ಕಿವಿಗೆ ಮೀನನ್ನು ತೋರಿಸಿಕೊಡುವ ಅದೇ ಚೀಲ, ನೋಡಿ! 2017ರಲ್ಲಿ ಮೆಕ್ಸಿಕೊ ಅಲ್ಲಿ ಗಿಲ್‌ನೆಟ್ಟನ್ನು ಶಾಶ್ವತವಾಗಿ ನಿಷೇಧಿಸಿತು. ಕಳ್ಳಬಲೆಗಳು ಮಾತ್ರ ರಾತ್ರಿಯಾದರೆ ಇಳಿಯುತ್ತಲೇ ಇದ್ದವು.

ನಮ್ಮಲ್ಲಿ ಕಾನೂನಿಗೇನೂ ಬರವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಡಾಲ್ಫಿನ್, ತಿಮಿಂಗಿಲ, ಕಡಲಹಂದಿಗಳು ಹುಲಿಯ ಪಂಕ್ತಿಯಲ್ಲೇ ಕೂತಿವೆ. ಆದರೆ ಆ ಕಾಯ್ದೆಯ ಕಣ್ಣೆದುರು ಇದ್ದದ್ದು ಕೋವಿ ಹಿಡಿದ ಬೇಟೆಗಾರ. ಮಲ್ಪೆಯಿಂದಲೋ ತದಡಿಯಿಂದಲೋ ಹೊರಟ ಮೀನುಗಾರನ ಬಲೆಯಲ್ಲಿ ಸತ್ತ ಕಡಲಹಂದಿ ಬಂದರೆ ಅವನಿಗೆ ಮೊದಲು ನೆನಪಾಗುವುದು ಕೇಸು. ಬಲೆ ಕೊಯ್ದು, ಹೆಣವನ್ನು ನೀರಿಗೆ ಬಿಟ್ಟು ಸುಮ್ಮನಾಗುತ್ತಾನೆ. ಆ ಸಾವು ಯಾವ ಲೆಕ್ಕಕ್ಕೂ ಬರುವುದಿಲ್ಲ. ದೂರು ದಾಖಲಿಸದೆ ಅವನ ಮಾತನ್ನು ಬರೆದುಕೊಳ್ಳುವ ಏರ್ಪಾಡು ಮೊದಲು ಆಗಬೇಕೆಂದೇ ನನ್ನ ಹಟ.

ತಂತ್ರಜ್ಞಾನವೂ ಒಂದಿದೆ: ಬಲೆಗೆ ಕಟ್ಟುವ, ಬ್ಯಾಟರಿಯಿಂದ ಪಿಂಗ್ ಎನ್ನುವ ಪಿಂಗರ್. 1994ರಲ್ಲಿ ಅಮೆರಿಕದ ಮೇನ್ ಕೊಲ್ಲಿಯಲ್ಲಿ ಪರೀಕ್ಷಿಸಿದಾಗ ಸದ್ದಿಲ್ಲದ ಬಲೆಗಳಿಗೆ 25 ಕಡಲಹಂದಿಗಳು ಬಿದ್ದವು. ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ ಸದ್ದಿನ ಬಲೆಗಳಿಗೆ ಬಿದ್ದದ್ದು ಎರಡು. ಹಾಗೆಂದು ಕುಣಿಯುವಂತಿಲ್ಲ. ಕೆಲವೆಡೆ ಸೀಲ್ ಎಂಬ ಕಡಲಪ್ರಾಣಿಗಳು ಅದನ್ನೇ ಊಟದ ಗಂಟೆಯೆಂದು ಕಲಿತುಬಿಟ್ಟಿವೆ. ನಮ್ಮ ಅಳಿವೆಗಳ ಬಾಯಲ್ಲಿ ಮೀನು ಹಿಡಿಯುವ ಗೂನುಬೆನ್ನಿನ ಡಾಲ್ಫಿನ್ನುಗಳಂತೂ ಪಿಂಗರಿಗೆ ಬೆದರಿದರೆ ಬಲೆಯ ಜೊತೆಗೆ ಅಳಿವೆಯನ್ನೂ ಬಿಟ್ಟುಹೋಗಬಹುದು.