ಅಡ್ರಿನಲ್ ಗಡ್ಡೆ: ಒಂದು ಮಾತ್ರೆಯ ಪರೀಕ್ಷೆಗೆ ಮುನ್ನ ಕೇಳಬೇಕಾದದ್ದು

ಕಿಡ್ನಿ ಕಲ್ಲಿನ ಅನುಮಾನದಿಂದ ಮಡಿಕೇರಿಯಲ್ಲೋ ಮೈಸೂರಿನಲ್ಲೋ ಸಿ.ಟಿ. ಸ್ಕ್ಯಾನ್ ಮಾಡಿಸಿದ ಕೆಲವರಿಗೆ, ಮೂತ್ರಪಿಂಡದ ಮೇಲ್ತುದಿಯಲ್ಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಎರಡು-ಮೂರು ಸೆಂಟಿಮೀಟರಿನ ಗಡ್ಡೆ ಇರುವುದು ಆಕಸ್ಮಿಕವಾಗಿ ಗೊತ್ತಾಗುತ್ತದೆ. ಕಾಂಟ್ರಾಸ್ಟ್ ಇಲ್ಲದ ಸ್ಕ್ಯಾನಿನಲ್ಲಿ ಅದು ಎಲ್ಲೆಡೆ ಒಂದೇ ರೀತಿ ಕಂಡು, ಸಾಂದ್ರತೆ 10 ಹೌನ್ಸ್‌ಫೀಲ್ಡ್ ಯೂನಿಟ್ ಮೀರದಿದ್ದರೆ ಕ್ಯಾನ್ಸರಿನ ಭಯ ಬೇಡ. ಆದರೆ ಅದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹತೋಟಿ ತಪ್ಪಿ ತನ್ನಷ್ಟಕ್ಕೆ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸ್ರವಿಸುತ್ತಿದೆಯೇ ಎಂಬುದನ್ನು ಸ್ಕ್ಯಾನ್ ಹೇಳಲಾರದು.

ಕಾರ್ಟಿಸಾಲ್ ವಿಪರೀತವಾದಾಗ ದುಂಡುಮುಖ, ಹೊಟ್ಟೆಯ ಮೇಲಿನ ನೇರಳೆ ಪಟ್ಟೆ, ಕುಕ್ಕರಗಾಲಿನಿಂದ ಏಳಲಾಗದ ತೊಡೆಯ ನಿಶ್ಶಕ್ತಿ ಕಾಣುತ್ತವೆ. ಅಲ್ಪ ಪ್ರಮಾಣದಲ್ಲಿ ಹೆಚ್ಚಿದ್ದಾಗ ಇವು ಯಾವುವೂ ಇರುವುದಿಲ್ಲ, ಬಿ.ಪಿ., ಸಕ್ಕರೆ ಕಾಯಿಲೆ, ಸವೆದ ಮೂಳೆ ಇಷ್ಟೇ ಇರಬಹುದು, ಮತ್ತು ಇವು ಗಡ್ಡೆಯಿಲ್ಲದವರಿಗೂ ಬರುವಂಥವೇ.

ಆದ್ದರಿಂದ ರಾತ್ರಿ ಹನ್ನೊಂದರಿಂದ ಹನ್ನೆರಡರೊಳಗೆ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನುಂಗಿಸಿ, ಬೆಳಿಗ್ಗೆ ಎಂಟು-ಒಂಬತ್ತರ ನಡುವೆ ರಕ್ತದ ಕಾರ್ಟಿಸಾಲ್ ನೋಡುತ್ತೇವೆ. ಈ ಮಾತ್ರೆ ಪಿಟ್ಯುಟರಿಯನ್ನು ಸುಮ್ಮನಾಗಿಸುವುದರಿಂದ, ಅದರ ಹತೋಟಿಯಲ್ಲಿರುವ ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್ ಇಳಿಯಲೇಬೇಕು. ಅದು ಡೆಸಿಲೀಟರಿಗೆ 1.8 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕೆಳಗಿಳಿದರೆ ಗಡ್ಡೆ ಸುಮ್ಮನಿದೆ ಎಂದರ್ಥ. 2016ರ ಯುರೋಪಿಯನ್ ಮಾರ್ಗಸೂಚಿ 1.9ರಿಂದ 5ರವರೆಗಿನ ಅಂಕಿಯನ್ನು ‘ಇರಬಹುದು’ ಎಂಬ ಬೇರೆ ಗುಂಪಿನಲ್ಲಿಟ್ಟಿತ್ತು. 2023ರಲ್ಲಿ ಆ ಗುಂಪನ್ನು ಕೈಬಿಡಲಾಯಿತು. ನನ್ನ ದೃಷ್ಟಿಯಲ್ಲಿ ಅದು ಒಳ್ಳೆಯದೇ ಆಯಿತು, ಆದರೆ ಅಂಕಿ 1.8 ದಾಟಿದೊಡನೆ ರೋಗದ ಹೆಸರು ಬರೆದುಬಿಡುವ ಆತುರಕ್ಕೂ ಅದು ಎಡೆಮಾಡಿದೆ.

ಗರ್ಭನಿರೋಧಕ ಮಾತ್ರೆಯ ಈಸ್ಟ್ರೋಜೆನ್, ರಕ್ತದಲ್ಲಿ ಕಾರ್ಟಿಸಾಲ್ ಹೊರುವ ಪ್ರೋಟೀನನ್ನು ಹೆಚ್ಚಿಸಿ ಅಂಕಿಯನ್ನು ಸುಳ್ಳಾಗಿ ಏರಿಸುತ್ತದೆ. ಆರು ವಾರ ನಿಲ್ಲಿಸಿ ಪರೀಕ್ಷಿಸಬೇಕು. ಮೂರ್ಛೆರೋಗದ ಫೆನಿಟಾಯಿನ್, ಕಾರ್ಬಮಜೆಪಿನ್, ಕ್ಷಯದ ರಿಫಾಂಪಿಸಿನ್ ಸೇವಿಸುವವರ ಲಿವರು ಡೆಕ್ಸಾಮೆಥಾಸೋನನ್ನು ಬೆಳಗಾಗುವ ಮೊದಲೇ ಕರಗಿಸಿಬಿಡುತ್ತದೆ, ಆಗಲೂ ಅಂಕಿ ಸುಳ್ಳಾಗಿ ಏರುತ್ತದೆ. ನಮ್ಮ ಕಡೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಮಂಡಿನೋವಿನದು: ಕೀಲಿಗೆ ಹಾಕಿಸಿದ ಇಂಜೆಕ್ಷನ್, ಹೆಸರಿಲ್ಲದ ನೋವಿನ ಪುಡಿ, ಮಳೆಗಾಲದ ಉಬ್ಬಸಕ್ಕೆ ಎಳೆಯುವ ಪಂಪು ಇವುಗಳಲ್ಲಿರುವ ಸ್ಟೀರಾಯ್ಡು, ಪಿಟ್ಯುಟರಿಯಿಂದ ಅಡ್ರಿನಲ್ ಗ್ರಂಥಿಗೆ ಆಜ್ಞೆ ಒಯ್ಯುವ ಎ.ಸಿ.ಟಿ.ಎಚ್. ಹಾರ್ಮೋನನ್ನು ತಗ್ಗಿಸಿ, ತಪ್ಪೆಲ್ಲ ಗಡ್ಡೆಯದೇ ಎಂಬಂತೆ ತೋರಿಸಬಲ್ಲದು.

ತೋಟದ ಕಾವಲುಗಾರರೊಬ್ಬರು ರಾತ್ರಿಯ ಜೊಲ್ಲಿನಲ್ಲಿ ಕಾರ್ಟಿಸಾಲ್ ಹೆಚ್ಚಿದೆ ಎಂಬ ವರದಿಯೊಂದಿಗೆ ಬಂದಿದ್ದರು. ನಿದ್ದೆ ಹೇಗೆ ಎಂದು ವಿಚಾರಿಸಿದೆ. “ಎಲ್ಲಿಯ ನಿದ್ದೆ ಡಾಕ್ಟ್ರೇ, ಆನೆ ಬಂದ್ರೆ ಪಟಾಕಿ ಹೊಡೀಬೇಕಲ್ಲ” ಎಂದರು. ರಾತ್ರಿ ಎಚ್ಚರವಿರುವವರಿಗೆ ಜೊಲ್ಲಿನ ಪರೀಕ್ಷೆ ಹೊಂದುವುದಿಲ್ಲ. ಮಾತ್ರೆಯ ಪರೀಕ್ಷೆಯಲ್ಲಿ ಅವರ ಅಂಕಿ 1.1 ಬಂತು.

ಅಂಕಿ ನಿಜವಾಗಿಯೂ ಏರಿದ್ದರೆ ಇನ್ನೊಮ್ಮೆ ಪರೀಕ್ಷಿಸಿ, ಬೆಳಗಿನ ಎ.ಸಿ.ಟಿ.ಎಚ್. ತಗ್ಗಿದೆಯೇ ಎಂದು ಖಚಿತಪಡಿಸಿಕೊಳ್ಳುತ್ತೇವೆ. ಬೆನ್ನುಮೂಳೆ ಕುಸಿದಿದೆಯೇ ಎಂದು ನೋಡಲು ಬೇರೆ ಎಕ್ಸ್‌ರೇ ಬೇಕೆಂದೇನಿಲ್ಲ, ಮೊದಲಿನ ಸಿ.ಟಿ.ಯ ಚಿತ್ರಗಳನ್ನೇ ಮತ್ತೊಮ್ಮೆ ನೋಡಿದರೆ ಸಾಕಾಗುತ್ತದೆ. ಬಿ.ಪಿ., ಸಕ್ಕರೆ ಹತೋಟಿಗೆ ಬಾರದವರಲ್ಲಿ, ಗಡ್ಡೆ ಒಂದೇ ಬದಿಯಲ್ಲಿದ್ದರೆ, ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಇನ್ನೊಂದು ಬದಿಯ ಗ್ರಂಥಿ ಅಷ್ಟರಲ್ಲಿ ಮಂಕಾಗಿರಬಹುದಾದ್ದರಿಂದ, ಆಪರೇಷನ್ ಸಮಯದಿಂದಲೇ ಹೈಡ್ರೋಕಾರ್ಟಿಸೋನ್ ಕೊಟ್ಟು, ಅದು ಚೇತರಿಸಿಕೊಂಡದ್ದು ಪರೀಕ್ಷೆಯಲ್ಲಿ ತಿಳಿದ ಮೇಲೆಯೇ ನಿಲ್ಲಿಸಬೇಕು.