ಮಳೆ ಅಷ್ಟೇ ಇದೆಯಲ್ಲ, ಭೂಮಿ ಬಿಸಿಯಾಗಿದೆ ಎಂದು ನಂಬುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಹಳ್ಳಿ. ತಂದೆಯವರು ಬರೆದಿಟ್ಟ ಮಳೆ ಲೆಕ್ಕದ ಪುಸ್ತಕಗಳು ಮನೆಯಲ್ಲಿವೆ, ಈಗ ನಾನೂ ಬರೆಯುತ್ತೇನೆ. ವರ್ಷದ ಒಟ್ಟು ಮಳೆಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣುವುದಿಲ್ಲ. ಭೂಮಿ ಬಿಸಿಯಾದರೆ ಮಳೆ ಕಡಿಮೆಯಾಗಬೇಕಲ್ಲವೇ? ಈ ಬಿಸಿ ಯಾವುದರಿಂದ, ನಮಗೆ ಅದರಿಂದ ಏನಾಗುತ್ತದೆ?

ಉತ್ತರ: ಮಲೆನಾಡಿನಿಂದ ನನಗೆ ಹೆಚ್ಚು ಬರುವ ಪ್ರಶ್ನೆ ಇದೇ. ಕೇಳುವ ಮಾತು ಬೇರೆ ಬೇರೆ, ಒಳಗಿನ ಅನುಮಾನ ಒಂದೇ. ಆಗುಂಬೆ, ಹುಲಿಕಲ್ಲಿನ ಮಳೆ ನೋಡಿಕೊಂಡು ಬೆಳೆದವರಿಗೆ, ಜಗಲಿಯಲ್ಲಿ ಕುಳಿತರೆ ಎದುರಿನ ತೋಟವೂ ಕಾಣದಂತೆ ಹೊಯ್ಯುತ್ತಿರುವಾಗ, ಭೂಮಿ ಬಿಸಿಯಾಗುತ್ತಿದೆ ಎಂಬ ಮಾತು ಯಾವುದೋ ದೂರದ ಊರಿನ ಸುದ್ದಿಯಂತೆ ಕೇಳಿಸುವುದು ಸಹಜ. ನಿಮ್ಮ ಪ್ರಶ್ನೆಯಲ್ಲಿರುವ ಒಂದು ಪದವನ್ನು ಹಿಡಿದುಕೊಂಡೇ ಶುರು ಮಾಡುತ್ತೇನೆ: 'ಒಟ್ಟು'. ಬದಲಾವಣೆ ಅಡಗಿ ಕುಳಿತಿರುವುದು ಆ ಒಟ್ಟಿನ ಹೊಟ್ಟೆಯೊಳಗೆ.

ಬಿಸಿಯಾದರೆ ಮಳೆ ಕಡಿಮೆಯಾಗಲೇಬೇಕು ಎಂಬ ನಿಯಮವಿಲ್ಲ. ಗಾಳಿಯ ಉಷ್ಣಾಂಶ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಬಚ್ಚಲಿನ ಹಂಡೆಯನ್ನು ನೆನಪಿಸಿಕೊಳ್ಳಿ. ಹಂಡೆ ದೊಡ್ಡದಾದಷ್ಟೂ ತುಂಬಲು ಹೆಚ್ಚು ಹೊತ್ತು ಬೇಕು, ಮಗುಚಿಕೊಂಡರೆ ಚೆಲ್ಲುವ ನೀರೂ ಹೆಚ್ಚು. ಬಿಸಿಯಾದ ಗಾಳಿ ಅಂತಹ ದೊಡ್ಡ ಹಂಡೆ. ಮಳೆಯಿಲ್ಲದ ದಿನಗಳು ಉದ್ದವಾಗುತ್ತವೆ, ಬಂದ ದಿನ ಒಂದೇ ಸಮನೆ ಸುರಿದುಬಿಡುತ್ತದೆ. ವರ್ಷದ ಕೊನೆಗೆ ಕೂಡಿಸಿದರೆ ಮೊತ್ತ ಹಳೆಯದಕ್ಕೆ ಹತ್ತಿರವೇ ಇರಬಹುದು, ಮಳೆಗಾಲ ಮಾತ್ರ ಹಳೆಯದಾಗಿರುವುದಿಲ್ಲ.

ಇದು ಬರಿಯ ತರ್ಕವಲ್ಲ. ಕೇಂದ್ರದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 1901ರಿಂದ 2018ರ ನಡುವೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ. 1951ರಿಂದ 2015ರ ನಡುವೆ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಸುಮಾರು ಒಂದು ಡಿಗ್ರಿ ಬಿಸಿಯಾಗಿದೆ. ಅದೇ ಅವಧಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದೇಶದ ಮಳೆ ಸುಮಾರು ಶೇ 6ರಷ್ಟು ತಗ್ಗಿದೆ. ಎದ್ದು ಕಾಣುವಂತೆ ತಗ್ಗಿದ ಎರಡು ಪ್ರದೇಶಗಳಲ್ಲಿ ನಮ್ಮ ಪಶ್ಚಿಮ ಘಟ್ಟವೂ ಒಂದು. ಈ ಇಳಿಕೆಯಲ್ಲಿ ಬಿಸಿಲನ್ನು ತಡೆಯುವ ಹೊಗೆ, ದೂಳಿನ ಕಣಗಳ ಪಾಲೂ ಇದೆ. 1951–80ರ ಕಾಲಕ್ಕೆ ಹೋಲಿಸಿದರೆ 1981–2011ರಲ್ಲಿ ಮಳೆಗಾಲದ ನಡುವೆ ಬರುವ ಒಣ ಅವಧಿಗಳು ಶೇ 27ರಷ್ಟು ಹೆಚ್ಚಾಗಿವೆ. ಮಧ್ಯ ಭಾರತದಲ್ಲಿ ಒಂದೇ ದಿನ 150 ಮಿಲಿಮೀಟರ್‌ಗಿಂತ ಹೆಚ್ಚು ಸುರಿಯುವ ಸಂದರ್ಭಗಳು 1950ರಿಂದ 2015ರ ನಡುವೆ ಸುಮಾರು ಶೇ 75ರಷ್ಟು ಏರಿವೆ. ಒಣ ದಿನವೂ ಹೆಚ್ಚಿದೆ, ಜಡಿಮಳೆಯೂ ಹೆಚ್ಚಿದೆ.

ನಮ್ಮ ಹಿರಿಯರು ಮಳೆಯನ್ನು ಮಿಲಿಮೀಟರ್‌ನಲ್ಲಿ ಅಳೆಯುತ್ತಿರಲಿಲ್ಲ, ನಕ್ಷತ್ರದಲ್ಲಿ ಅಳೆಯುತ್ತಿದ್ದರು. ಅವರಿಗೆ 'ಎಷ್ಟು' ಎನ್ನುವುದಕ್ಕಿಂತ 'ಯಾವಾಗ' ಎನ್ನುವುದು ಮುಖ್ಯವಾಗಿತ್ತು. ಆರಿದ್ರಾ ಮಳೆಗೆ ಒಂದು ಕೆಲಸ, ಪುಷ್ಯದ ಮಳೆಗೆ ಇನ್ನೊಂದು. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು ಎಂಬ ಗಾದೆಯ ಹಿಂದೆ ಗದ್ದೆಯ ಲೆಕ್ಕವಿದೆ. ಆಗಸ್ಟ್ ಎರಡನೇ ಅರ್ಧದಲ್ಲಿ ಬರುವ ಆ ಮಳೆ ನಾಟಿಯಾದ ಭತ್ತಕ್ಕೆ ನಿಂತ ನೀರು ಕೊಡಬೇಕು. 2023ರಲ್ಲಿ ಮಘೆ ಕೈಕೊಟ್ಟಿತು. 1901ರಿಂದ ಇಟ್ಟಿರುವ ದಾಖಲೆಯಲ್ಲಿ ದೇಶಕ್ಕೆ ಅಷ್ಟು ಒಣ ಆಗಸ್ಟ್ ಇನ್ನೊಂದಿಲ್ಲ. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಆ ವರ್ಷ ಬರಪೀಡಿತ ಎಂದು ಘೋಷಿಸಬೇಕಾಯಿತು. ಅದಕ್ಕೆ ನಾಲ್ಕು ವರ್ಷ ಹಿಂದೆ, 2019ರ ಆಶ್ಲೇಷಾ ಮಳೆಯಲ್ಲಿ, ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿತ್ತು. ಹೊಳೆ ನಡುವಿನ ಕಲ್ಲುಮಂಟಪ ಮುಳುಗಿತೇ ಎಂದು ಪ್ರತಿ ಮಳೆಗಾಲ ಸಂಭ್ರಮದಿಂದ ನೋಡಲು ಹೋಗುವ ಜನ ಆ ವಾರ ಮನೆ ಸಾಮಾನು ಹೊತ್ತು ಮೇಲಿನ ರಸ್ತೆಗೆ ಬಂದು ನಿಂತಿದ್ದರು. ಈ ಎರಡು ವರ್ಷಗಳನ್ನು ಕೂಡಿಸಿ ಸರಾಸರಿ ತೆಗೆದರೆ ಬರುವ ಸಂಖ್ಯೆಯಿಂದ ಯಾರಿಗೆ ಏನು ಉಪಯೋಗ?

2023ರ ಬರದ ಹಿಂದೆ ಎಲ್ ನಿನೊ ಇತ್ತು ಎಂದು ನೀವು ಹೇಳಬಹುದು. ಇತ್ತು, ನಿಜ. ಅದು ಶಾಂತಸಾಗರದ ನೀರಿನ ಬಿಸಿಯಲ್ಲಿ ಕೆಲವು ವರ್ಷಗಳಿಗೊಮ್ಮೆ ಬಂದು ಹೋಗುವ ಸಹಜ ಏರಿಳಿತ, ಮೊದಲೂ ಬರುತ್ತಿತ್ತು. ಈಗ ಅದು ಮೊದಲೇ ಬಿಸಿಯಾಗಿರುವ ಕಡಲು ಮತ್ತು ಗಾಳಿಯ ಮೇಲೆ ಬಂದು ಕುಳಿತುಕೊಳ್ಳುತ್ತಿದೆ.

ಇನ್ನು, ಬಿಸಿ ಎಲ್ಲಿಂದ ಎನ್ನುವ ನಿಮ್ಮ ಪ್ರಶ್ನೆ. ಮಲೆನಾಡಿನವರಿಗೆ ಇದನ್ನು ಹೇಳಲು ಕಂಬಳಿ ಕೊಪ್ಪೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಕಂಬಳಿಯಲ್ಲಿ ಬೆಂಕಿ ಇರುವುದಿಲ್ಲ. ಆದರೂ ಜಡಿಮಳೆಯಲ್ಲಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿದವರು ನಡುಗುವುದಿಲ್ಲ. ಮೈಯಿಂದ ಹೊರಡುವ ಶಾಖವನ್ನು ಅದು ಹೊರಗೆ ಬಿಡದೆ ಹಿಡಿದುಕೊಳ್ಳುತ್ತದೆ, ಅಷ್ಟೇ. ಭೂಮಿಯೂ ಹಗಲು ಬಿಸಿಲು ಕಾಯ್ದು, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿ ಶಾಖವನ್ನು ಹೊರಕ್ಕೆ ಬಿಡುತ್ತದೆ. ಗಾಳಿಯ ಬಹುಪಾಲಾದ ಸಾರಜನಕ, ಆಮ್ಲಜನಕಗಳು ಅದನ್ನು ತಡೆಯುವುದಿಲ್ಲ. ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್ ತಡೆಯುತ್ತವೆ. ಇದನ್ನು ನೀವು ಮೈಯಲ್ಲೇ ಅನುಭವಿಸಿದ್ದೀರಿ: ಪುಷ್ಯ ಮಾಸದಲ್ಲಿ ಚುಕ್ಕಿಗಳೆಲ್ಲ ಹೊಳೆಯುವ ರಾತ್ರಿ ಕೈಕಾಲು ಸೆಟೆಯುವಷ್ಟು ಚಳಿ, ಬೆಳಿಗ್ಗೆ ಅಂಗಳದ ತುಂಬ ಇಬ್ಬನಿ, ಅದೇ ತಿಂಗಳಲ್ಲಿ ಮೋಡ ಮುಚ್ಚಿದ ರಾತ್ರಿ ಚಳಿಯೇ ಇರುವುದಿಲ್ಲ.

ಈ ಕಂಬಳಿ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣಾಂಶ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಇರುವುದರಿಂದ ಸುಮಾರು 15 ಡಿಗ್ರಿ ಇದೆ. ಹಾಗಾಗಿ ಕಂಬಳಿ ನಮ್ಮ ಶತ್ರುವಲ್ಲ, ಅದರ ಮೇಲೆ ನಾವು ಹೊದಿಸುತ್ತ ಹೋಗುತ್ತಿರುವ ಇನ್ನೊಂದು ಪದರ ತೊಂದರೆ ಕೊಡುತ್ತಿದೆ. ಕೈಗಾರಿಕೆಗಳ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗ ಇಂಗಾಲದ ಡೈಆಕ್ಸೈಡ್ ಇತ್ತು. 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ ಅಳೆಯಲು ತೊಡಗಿದಾಗ ಅದು 315ರ ಆಸುಪಾಸಿನಲ್ಲಿತ್ತು. ಈಗ 420 ದಾಟಿದೆ. ಅಂಟಾರ್ಕ್ಟಿಕಾದ ಹಿಮದೊಳಗೆ ಸಿಕ್ಕಿಕೊಂಡ ಹಳೆಯ ಗಾಳಿಗುಳ್ಳೆಗಳನ್ನು ಅಳೆದರೆ, ಹಿಂದಿನ ಎಂಟು ಲಕ್ಷ ವರ್ಷಗಳಲ್ಲಿ ಒಮ್ಮೆಯೂ ಅದು 300 ಮುಟ್ಟಿ ಮುಂದೆ ಹೋಗಿರಲಿಲ್ಲ. ಇದು ನಿನ್ನೆ ಮೊನ್ನೆ ಹುಟ್ಟಿದ ವಾದವೂ ಅಲ್ಲ. 1856ರಲ್ಲಿಯೇ ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ ಗಾಜಿನ ಕೊಳವೆಯಲ್ಲಿ ಈ ಅನಿಲ ತುಂಬಿ ಬಿಸಿಲಿಗಿಟ್ಟು, ಅದು ಬೇರೆ ಗಾಳಿಗಿಂತ ಹೆಚ್ಚು ಕಾಯುವುದನ್ನೂ ನಿಧಾನವಾಗಿ ತಣಿಯುವುದನ್ನೂ ತೋರಿಸಿದ್ದರು.

ಇಲ್ಲಿ ಹಲವರು ಕೇಳುತ್ತಾರೆ: ನಾವೂ ಬಚ್ಚಲೊಲೆಗೆ ಸೌದೆ, ಅಡಿಕೆ ಸಿಪ್ಪೆ, ಹೆಡೆ ತುರುಕಿ ದಿನಾ ಉರಿಸುತ್ತೇವಲ್ಲ, ನಾವೂ ಕಾರಣರೇ? ಈ ಪ್ರಶ್ನೆ ಕೇಳುವಾಗ ಅವರ ಮುಖದಲ್ಲಿ ಕಾಣುವ ಅಳುಕು ನನಗೆ ಬೇಸರ ತರಿಸುತ್ತದೆ. ಹೊಗೆ ಕಣ್ಣಿಗೆ, ಶ್ವಾಸಕೋಶಕ್ಕೆ ಕೆಟ್ಟದ್ದು, ಅದು ಬೇರೆ ಮಾತು. ಇಂಗಾಲದ ಲೆಕ್ಕವೇ ಬೇರೆ. ನಿಮ್ಮ ಅಡಿಕೆ ಸಿಪ್ಪೆಯಲ್ಲಿರುವ ಇಂಗಾಲವನ್ನು ಆ ಮರ ಹೋದ ವರ್ಷ ಗಾಳಿಯಿಂದಲೇ ಎಳೆದುಕೊಂಡಿತ್ತು, ಒಲೆಯಲ್ಲಿ ಅದು ಗಾಳಿಗೆ ಮರಳಿತು, ಬರುವ ವರ್ಷ ತೋಟ ಮತ್ತೆ ಎಳೆದುಕೊಳ್ಳುತ್ತದೆ. ಸಾಲ ತಂದು ಅದೇ ಋತುವಿನಲ್ಲಿ ತೀರಿಸಿದ ಹಾಗೆ. ಕಲ್ಲಿದ್ದಲು ಹಾಗಲ್ಲ. ನಮ್ಮ ದೇಶದ ಬಹುಪಾಲು ಕಲ್ಲಿದ್ದಲು 25–30 ಕೋಟಿ ವರ್ಷಗಳ ಹಿಂದೆ ಹೂತುಹೋದ ಕಾಡು. ಅಷ್ಟು ಕಾಲ ನೆಲದಡಿ ಲೆಕ್ಕದಿಂದ ಹೊರಗಿದ್ದ ಇಂಗಾಲವನ್ನು ಅಗೆದು ಸುಡುತ್ತಿದ್ದೇವೆ. ಜಗತ್ತು ಕಲ್ಲಿದ್ದಲು, ತೈಲ, ಅನಿಲ ಉರಿಸಿ ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಬಿಡುತ್ತದೆ. ಅದರಲ್ಲಿ ಅರ್ಧದಷ್ಟನ್ನು ಕಡಲು ಮತ್ತು ಗಿಡಮರಗಳು ಹೀರಿಕೊಳ್ಳುತ್ತವೆ, ಉಳಿದದ್ದು ಅಲ್ಲೇ ಕೂರುತ್ತದೆ.

ಅದು ಹಳೆಯ ಇಂಗಾಲವೇ ಎಂದು ಗೊತ್ತಾಗುವುದು ಹೇಗೆ? ಜೀವಂತ ಗಿಡದಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ರೂಪ ಅತ್ಯಲ್ಪ ಪ್ರಮಾಣದಲ್ಲಿ ಇರುತ್ತದೆ. ಅದು ಸುಮಾರು 5,730 ವರ್ಷಕ್ಕೊಮ್ಮೆ ಅರ್ಧವಾಗುತ್ತ ಹೋಗುವುದರಿಂದ ಕಲ್ಲಿದ್ದಲಿನಲ್ಲಿ ಏನೂ ಉಳಿದಿರುವುದಿಲ್ಲ. ಸೌದೆಯ ಹೊಗೆಗೂ ಕಲ್ಲಿದ್ದಲ ಹೊಗೆಗೂ ಹೀಗೆ ಬೇರೆ ಬೇರೆ ಗುರುತಿದೆ. ಗಾಳಿಯಲ್ಲಿ ಹೆಚ್ಚುತ್ತಿರುವ ಇಂಗಾಲದಲ್ಲಿ ಕಾಣುವುದು ಎರಡನೆಯ ಗುರುತು. ಸೂರ್ಯನೇ ಹೆಚ್ಚು ಸುಡುತ್ತಿದ್ದಾನೆ ಎನ್ನುವವರಿಗೂ ಉತ್ತರವಿದೆ: ಹಾಗಿದ್ದರೆ ವಾತಾವರಣದ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಅದು ತಣ್ಣಗಾಗುತ್ತಿದೆ, ಕೆಳಗಿನದು ಬಿಸಿಯಾಗುತ್ತಿದೆ. ಕಂಬಳಿ ದಪ್ಪವಾದರೆ ಆಗುವುದೂ ಹೀಗೆಯೇ.

ಕಾಡು ಕಡಿದದ್ದೂ ಕಾರಣವೇ. ಕಡಿದ ಕಾಡಿನ ಇಂಗಾಲ ಮೇಲೇರುತ್ತದೆ, ಹೀರಿಕೊಳ್ಳುವ ಮರವೂ ಇಲ್ಲವಾಗುತ್ತದೆ. ನೀರು ನಿಂತ ಗದ್ದೆ, ದನಕರು, ಕಸದ ಗುಡ್ಡೆಗಳಿಂದ ಮೀಥೇನ್ ಬರುತ್ತದೆ. ಆದರೆ ದೊಡ್ಡ ಪಾಲು ನೆಲದಡಿಯ ಇಂಧನದ್ದು, ಇದನ್ನು ಮರೆಸುವ ಯಾವ ಮಾತನ್ನೂ ನಾನು ಒಪ್ಪುವುದಿಲ್ಲ.

ಈಗ, ನಮಗೆ ಏನಾಗುತ್ತದೆ? ಕಡಲು ಏರುತ್ತದೆ, 1901ರಿಂದ 2018ರ ನಡುವೆ ಜಗತ್ತಿನ ಸರಾಸರಿ ಕಡಲಮಟ್ಟ 20 ಸೆಂಟಿಮೀಟರ್ ಏರಿದೆ. ಅದು ಘಟ್ಟದ ಕೆಳಗಿನವರ ಆತಂಕ. ಮೇಲಿನವರ ಸಂಕಟವನ್ನು ನನ್ನ ತೋಟದಿಂದಲೇ ಹೇಳುತ್ತೇನೆ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣದ ದ್ರಾವಣ, ಹೊಡೆಯುವುದು ನಿಮಗೆ ಗೊತ್ತೇ ಇದೆ. ಮಳೆ ಹಿಡಿಯುವ ಮೊದಲು ಒಂದು ಬಾರಿ, ನಲವತ್ತು ನಲವತ್ತೈದು ದಿನ ಕಳೆದು ಎರಡನೆಯದು. ಎರಡನೆಯದಕ್ಕೆ ನಡುವೆ ಒಂದು ಹೊಳವು, ಅಂದರೆ ಮಳೆ ಬಿಟ್ಟ ಬಿಸಿಲಿನ ಹೊತ್ತು, ಬೇಕು. ಹಿಂದೆ ಆ ಹೊಳವನ್ನು ಅಪ್ಪ ಹೆಚ್ಚುಕಡಿಮೆ ಮೊದಲೇ ಹೇಳುತ್ತಿದ್ದರು. ಕಳೆದ ಒಂದು ಮಳೆಗಾಲದಲ್ಲಿ ನಾವು ಹನ್ನೊಂದು ದಿನ ಕಾದೆವು. ಹನ್ನೆರಡನೆಯ ಬೆಳಿಗ್ಗೆ ಬಿಸಿಲು ಬಿತ್ತು. ಮೈಲುತುತ್ತ ಕರಗಿಸಿ, ಸುಣ್ಣದ ತಿಳಿ ಬೆರೆಸಿ, ಚಾಕುವಿನ ತುದಿ ಅದ್ದಿ ನೋಡಿದೆವು. ಅಲಗಿನ ಮೇಲೆ ತಾಮ್ರದ ಕೆಂಪು ಹಿಡಿಯಿತು, ಇನ್ನಷ್ಟು ಸುಣ್ಣ ಹಾಕಿ ಹದಕ್ಕೆ ತಂದೆವು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ನಾಲ್ಕನೆಯ ಮರದ ಬುಡದಲ್ಲಿ ನಿಂತು ಪಡುವಣ ಗುಡ್ಡದ ಕಡೆ ನೋಡಿ, "ಅಣ್ಣಾ, ಇವತ್ತು ಬೇಡ" ಎಂದ. ಅರ್ಧ ಗಂಟೆಯಲ್ಲಿ ಮೂರು ಮರಕ್ಕೆ ಹೊಡೆದದ್ದೂ ತೊಳೆದುಹೋಯಿತು. ಬೆರೆಸಿದ ದ್ರಾವಣ ಮಾರನೆಯ ದಿನಕ್ಕೆ ಬರುವುದಿಲ್ಲ. ಆ ವರ್ಷ ಬಿದ್ದ ಕೊಳೆ ಅಡಿಕೆಯನ್ನು ಹೆಕ್ಕಲು ಬುಟ್ಟಿ ಸಾಲಲಿಲ್ಲ. ಒಂದು ವರ್ಷದ ಕೊಳೆಯನ್ನು ನೇರವಾಗಿ ಭೂಮಿಯ ಬಿಸಿಯ ತಲೆಗೆ ಕಟ್ಟುವುದು ಸರಿಯಲ್ಲ, ನಾನು ಕಟ್ಟುವುದೂ ಇಲ್ಲ. ಆದರೆ ಹೊಳವು ಎಂದು ಬರುತ್ತದೆ ಎಂಬ ಭರವಸೆಯ ಮೇಲೆ ನಿಂತ ಬೇಸಾಯ ನಮ್ಮದು, ಆ ಭರವಸೆ ಸಡಿಲವಾಗುತ್ತಿದೆ.

ಜಡಿಮಳೆಯ ನೀರು ಇಂಗುವುದಿಲ್ಲ, ಓಡುತ್ತದೆ. ಹದವಾಗಿ ಮೂರು ತಿಂಗಳು ಬಂದ ಮಳೆ ಗುಡ್ಡದ ಹೊಟ್ಟೆಗೆ ಇಳಿದು ಬೇಸಿಗೆಯವರೆಗೆ ಅಬ್ಬಿಯಲ್ಲಿ, ಅಂದರೆ ಗುಡ್ಡದ ಒರತೆಯಲ್ಲಿ, ಸುರಿಯುತ್ತದೆ. ಅಷ್ಟೇ ಮಳೆ ಇಪ್ಪತ್ತು ದಿನದಲ್ಲಿ ಬಂದರೆ ಹಳ್ಳ ಕೆಂಪಾಗಿ ಹರಿದು ಮಣ್ಣನ್ನೂ ಕೊಂಡೊಯ್ಯುತ್ತದೆ, ಮಾರ್ಚ್ ಹೊತ್ತಿಗೆ ಅಬ್ಬಿ ನಿಲ್ಲುತ್ತದೆ. ವರ್ಷವಿಡೀ ತೇವವನ್ನೇ ನಂಬಿಕೊಂಡಿರುವ ರಾಮಪತ್ರೆ ಜಡ್ಡಿಗಳಿಗೂ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡಿಗೂ, ಇದೇ ಗತಿ. ಗುಡ್ಡ ಕುಸಿತದ ಮಾತಂತೂ ಹೇಳಲೇಬೇಕು. 2024ರ ಜುಲೈ 30ರಂದು ವಯನಾಡಿನಲ್ಲಿ ಸುರಿದ ಮಳೆ ಹವಾಮಾನ ಬದಲಾವಣೆಯಿಂದಾಗಿ ಸುಮಾರು ಶೇ 10ರಷ್ಟು ಹೆಚ್ಚು ತೀವ್ರವಾಗಿತ್ತು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಹಾಗೆಂದು ರಸ್ತೆಗಾಗಿ ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದವರು ಆಕಾಶದ ಕಡೆ ಬೆರಳು ತೋರಿಸಿ ತಪ್ಪಿಸಿಕೊಳ್ಳುವಂತಿಲ್ಲ. ಮಳೆಯ ಹೊಡೆತ ಹೆಚ್ಚಿದೆ ಎಂದು ಗೊತ್ತಿರುವಾಗ ಇಳಿಜಾರನ್ನು ಕಡಿಯುವುದು ಇನ್ನೂ ದೊಡ್ಡ ತಪ್ಪು.

ಇನ್ನೊಂದನ್ನು ಮಲೆನಾಡಿನವರು ಗಮನಿಸಬೇಕು. ಶರಾವತಿಯ ವಿದ್ಯುತ್ತಿಗೆ ಕಲ್ಲಿದ್ದಲು ಬೇಡ. ಅದಕ್ಕಾಗಿ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರು, ಗದ್ದೆ, ತೋಟ ಮುಳುಗಿಸಿಕೊಂಡವರು ನಮ್ಮವರೇ. ಮಳೆ ಕೈಕೊಟ್ಟ ವರ್ಷ ಜಲಾಶಯ ತುಂಬುವುದಿಲ್ಲ, ಜಲವಿದ್ಯುತ್ ಕುಗ್ಗುತ್ತದೆ, ಆ ಕೊರತೆಯ ದೊಡ್ಡ ಭಾಗವನ್ನು ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲ ಒಲೆಗಳು ತುಂಬಬೇಕಾಗುತ್ತದೆ. ಬಿಸಿಯಿಂದ ಮಳೆ ತಪ್ಪಿ, ತಪ್ಪಿದ ಮಳೆಯಿಂದ ಇನ್ನಷ್ಟು ಬಿಸಿ.

ನಿಮ್ಮ ಪುಸ್ತಕಗಳಿಗೆ ಮರಳೋಣ. ಒಂದು ಅಂಗಳದ ಮಳೆಮಾಪಕ ಇಡೀ ಘಟ್ಟದ ಕತೆ ಹೇಳುವುದಿಲ್ಲ, ಹವಾಮಾನದ ಮಾತಾಡಲು ಕನಿಷ್ಠ ಮೂವತ್ತು ವರ್ಷದ ಲೆಕ್ಕ ಬೇಕು. ಅದು ನಿಮ್ಮಲ್ಲಿದೆ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಒಟ್ಟು ಮೊತ್ತವನ್ನು ಸ್ವಲ್ಪ ಬದಿಗಿಟ್ಟು, ತಂದೆಯವರ ಕಾಲದ ಹದಿನೈದು ವರ್ಷ ಮತ್ತು ನಿಮ್ಮ ಕಾಲದ ಹದಿನೈದು ವರ್ಷ ತೆಗೆದುಕೊಳ್ಳಿ. ಪ್ರತಿ ವರ್ಷಕ್ಕೆ ಮೂರು ಸಂಖ್ಯೆ ಬರೆಯಿರಿ: ಎರಡೂವರೆ ಮಿಲಿಮೀಟರ್‌ಗಿಂತ ಕಡಿಮೆಯಾಗದಂತೆ ಮಳೆ ಬಂದ ದಿನಗಳೆಷ್ಟು, ಆ ವರ್ಷದ ಅತಿ ದೊಡ್ಡ ಒಂದು ದಿನದ ಮಳೆ ಎಷ್ಟು, ಜೂನ್‌ನಿಂದ ಸೆಪ್ಟೆಂಬರ್ ನಡುವೆ ಸತತವಾಗಿ ಮಳೆಯಿಲ್ಲದೆ ಕಳೆದ ಅತಿ ಉದ್ದದ ಅವಧಿ ಎಷ್ಟು ದಿನ. ಈ ವರ್ಷದಿಂದ ನಾಲ್ಕನೆಯದನ್ನೂ ಸೇರಿಸಿ, ಅಬ್ಬಿ ನೀರು ನಿಂತ ದಿನಾಂಕ. ಹೆಚ್ಚಿನವರು ಅದನ್ನು ಬರೆದಿಡುವುದಿಲ್ಲ. ತಂದೆಯವರು ಪುಟದ ಅಂಚಿನಲ್ಲಿ ಎಲ್ಲಾದರೂ ಗುರುತು ಹಾಕಿದ್ದರೆ ದಯವಿಟ್ಟು ನನಗೊಂದು ಪ್ರತಿ ಕಳುಹಿಸಿಕೊಡಿ.